ಹತ್ತು ಗಂಟೆಯ ಗೋಡೆ

"ರೀ! ಕ್ಯಾಮೆರಾ ಕೆಳಗಿಳಿಸಿ!"

ಲೊರೆಟ್ಟಾ ಮಿರಬಾಲ್ ಕೂಗಿದ ರಭಸಕ್ಕೆ ಚೌಕದಲ್ಲಿ ಮಲಗಿದ್ದ ಮೂರು ನಾಯಿಗಳೂ ಎದ್ದು ನಿಂತವು. ಕ್ಯಾಮೆರಾದವನು ಮಾತ್ರ ಅಲುಗಲಿಲ್ಲ.

ಮೂರು ದಿನದಿಂದ ಈ ಡೆಲ್ಬರ್ಟ್ ಎಂಬುವವನದು ಇದೇ ಕತೆ! ಊರಬಾಗಿಲ ಗೂಡಿನಲ್ಲಿ ಕೂತು ಪ್ರವಾಸಿಗರ ಕ್ಯಾಮೆರಾಗಳಿಗೆ ಪರವಾನಗಿ ಚೀಟಿ ಕಟ್ಟುವುದು ಲೊರೆಟ್ಟಾಳ ಕೆಲಸ. ಬಂದವರೆಲ್ಲ ಅಂತಸ್ತಿನ ಮೇಲೆ ಅಂತಸ್ತಾಗಿ ನಿಂತ ಮಣ್ಣಿನ ಮನೆಗಳನ್ನು, ಹಿಂದಿನ ನೀಲಿ ಬೆಟ್ಟವನ್ನು, ಎರಡಕ್ಕೂ ಅಡ್ಡವಾಗಿ ತಮ್ಮ ನಗುವ ಹಲ್ಲುಗಳನ್ನು ಕ್ಯಾಮೆರಾದಲ್ಲಿ ಹಿಡಿದುಕೊಂಡು ಗಂಟೆಯೊಳಗೆ ಜಾಗ ಖಾಲಿ ಮಾಡುತ್ತಿದ್ದರು.

ಇವನು? ದಿನಾ ಹತ್ತಕ್ಕೆ ಸರಿಯಾಗಿ ಬಂದು ಅವಳ ಅಜ್ಜಿಯ ಮನೆಗೋಡೆಯ ಮುಂದೆ ನಿಲ್ಲುತ್ತಿದ್ದ. ಕಿಟಕಿಯಿಲ್ಲ, ಬಾಗಿಲಿಲ್ಲ. ಬರೀ ಗೋಡೆ!

'ಗೋಡೆಯಲ್ಲಿ ಅಂಥದ್ದೇನಿದೆ? ತಲೆ ಸರಿ ಇದೆಯಾ ಇವನಿಗೆ?' ಮೂರು ರಾತ್ರಿ ಇದೇ ಯೋಚನೆ. ತಲೆ ಸರಿಯಿಲ್ಲದವನ ಬಗ್ಗೆ ತಾನ್ಯಾಕೆ ಮೂರು ರಾತ್ರಿ ಯೋಚಿಸಬೇಕು ಎಂಬ ಪ್ರಶ್ನೆಯನ್ನು ಮಾತ್ರ ಅವಳು ಕೇಳಿಕೊಂಡಿರಲಿಲ್ಲ.

ಇವತ್ತು ಹಿಂಬಾಲಿಸಿ ಬಂದು ನೋಡಿದರೆ... ಗೋಡೆಯ ಪಕ್ಕದಲ್ಲೇ ಊರವರ ನೆಲದಡಿಯ ಪೂಜೆಮನೆಗೆ ಇಳಿಯುವ ಏಣಿ! ಚಿತ್ರ ತೆಗೆಯುವುದಿರಲಿ, ಹೊರಗಿನವರು ಅದರ ಹತ್ತಿರ ಸುಳಿಯುವಂತೆಯೂ ಇಲ್ಲ.

"ಏಣಿ ಫೋಟೋ ತೆಗೀತಿದೀರ!"

"ಇಲ್ಲ."

"ಮತ್ತೆ? ಗೋಡೆ ಜೊತೆ ಮದುವೆ ಮಾತುಕತೆನಾ?"

"ನಾನೂ ಇಂಥದ್ದೇ ಮಣ್ಣಿನೂರಿನವನು ಕಣ್ರೀ, ಅಕೋಮಾದವನು. ಏಣಿ ಕಡೆ ಕ್ಯಾಮೆರಾ ತಿರುಗಿಸಿದ್ರೆ ನಮ್ಮಮ್ಮ ನನ್ನ ಕತ್ತು ತಿರುಗಿಸ್ತಾರೆ."

"ಹಾಗಾದ್ರೆ ಗೋಡೇಲಿ ಏನಿದೆ? ಹೇಳಿ!"

"ಹೇಳೋ ಹಾಗಿಲ್ಲ. ಮಾತು ಕೊಟ್ಟಿದೀನಿ."

"ರೀಲು ಕೊಡಿ."

ಅವನು ಕೊಟ್ಟ. ಅವಳು ಅದನ್ನು ಸರಸರನೆ ಬಿಸಿಲಿಗೆ ಎಳೆದುಬಿಟ್ಟಳು. ಮೂರು ದಿನದ ಚಿತ್ರಗಳೆಲ್ಲ ಕ್ಷಣದಲ್ಲಿ ಸುಟ್ಟುಹೋದವು.

ಅವನು ತಾನಾಗಿಯೇ ಚೀಟಿ ಬಿಚ್ಚಿ ಅವಳ ಕೈಗಿಟ್ಟು ಹೊರಟ. ಒಂದು ಬೈಗುಳವೂ ಇಲ್ಲ. ಬೈದಿದ್ದರಾದರೂ ಚೆನ್ನಾಗಿತ್ತು...

ಒಳಗೆ ರೆಫೂಹಿಯಾ ಅಜ್ಜಿ ಒಲೆಯ ಪಕ್ಕ ಕೂತಿದ್ದಳು. "ಹೋದನೇನೇ ಅಕೋಮಾ ಹುಡುಗ? ನನ್ನ ಬೆರಳು ಚೆನ್ನಾಗಿ ಬಂದ್ವಂತಾ?"

"ಯಾವ ಬೆರಳು ಅಜ್ಜಿ?"

ಅಜ್ಜಿ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡಳು. ಆದರೆ ಶಾಲೇ ನಡುಗುತ್ತಿತ್ತು.

"ನಾಳೆ ಗೋಡೆ ಮೆತ್ತೋಕೆ ನಾನು ಬರಲ್ಲ ಕಣೇ. ಮಣ್ಣು ಹಿಡಿದ್ರೆ ಹಿಡಿದಿದ್ದೇ ಗೊತ್ತಾಗಲ್ಲ ಈಗ. ಹೋದ ವರ್ಷ ಮೆತ್ತಿದ್ದೇ ಕೊನೇದು."

ಪ್ರತಿವರ್ಷ ಹಬ್ಬಕ್ಕೆ ಮುಂಚೆ ಊರ ಹೆಂಗಸರು ಬರಿಗೈಯಲ್ಲಿ ಮನೆಗೆ ಹೊಸ ಮಣ್ಣು ಮೆತ್ತುತ್ತಾರೆ. ಹಳೆಯ ಬೆರಳಗುರುತುಗಳ ಮೇಲೆ ಹೊಸವು ಕೂರುತ್ತವೆ. ಬೆಳಗ್ಗೆ ಹತ್ತರ ಓರೆಬಿಸಿಲಿನಲ್ಲಿ ಮಾತ್ರ ಒಂದೊಂದು ಬೆರಳೂ ಎದ್ದು ಕಾಣುತ್ತದೆ.

"ರೊಟ್ಟಿ ಕೊಳ್ಳೋಕೆ ಬಂದಿದ್ದ. ನಾನೇ ಕೇಳ್ದೆ, ಗೋಡೆ ಮುಚ್ಚಿಹೋಗೋ ಮುಂಚೆ ಒಂದು ಫೋಟೋ ತೆಗೀ ಅಂತ. ನಿನಗೆ ಹೇಳ್ಬೇಡ ಅಂದಿದ್ದೆ, ಅಳ್ತೀಯ ಅಂತ. ಅಯ್ಯೋ... ಈಗ್ಯಾಕೆ ಅಳ್ತಿದೀಯೇ?"

ಹೆದ್ದಾರಿಯ ಊಟದಂಗಡಿಯಲ್ಲಿ ಡೆಲ್ಬರ್ಟ್ ಹಸಿರು ಮೆಣಸಿನಕಾಯಿ ಸಾರು ಕುಡಿಯುತ್ತಿದ್ದಾಗ ಲೊರೆಟ್ಟಾಳ ಹಳೇ ಪಿಕಪ್ ಕೆಮ್ಮುತ್ತಾ ಬಂದು ನಿಂತಿತು.

"ತಪ್ಪಾಯ್ತು," ಎಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ಖಾರ ತಿನ್ನುತ್ತಿದ್ದವನು ಅವನು!

"ಅಜ್ಜಿ ಹೇಳಿಬಿಟ್ರಾ?"

"ನಾಳೆ ಎಂಟಕ್ಕೆಲ್ಲ ಅತ್ತೆಯಂದಿರು ಮಣ್ಣು ಹೊತ್ತು ಬರ್ತಾರೆ. ಹತ್ತರವರೆಗೂ ಹೇಗಾದ್ರೂ ತಡೀತೀನಿ. ಬರ್ತೀರಾ?"

ಅವನು ಬಟ್ಟಲನ್ನೇ ನೋಡಿದ. "ನೋಡ್ತೀನಿ."

'ನೋಡ್ತೀನಿ' ಎಂದರೆ 'ಬರ್ತೀನಿ' ಎಂಬ ಅರ್ಥ ಭೂಮಿಯ ಮೇಲಿನ ಯಾವ ಭಾಷೆಯಲ್ಲಾದರೂ ಇದೆಯೇ?

ಮರುದಿನ ಬೆಳಗ್ಗೆ ಲೊರೆಟ್ಟಾ ಗೋಡೆಗೆ ಬೆನ್ನು ಕೊಟ್ಟು, ಕೈ ಚಾಚಿ ನಿಂತಳು.

"ಏನೇ ಇದು, ಗೋಡೆ ಬೀಳತ್ತಾ?" ಎಂದಳು ದೊಡ್ಡತ್ತೆ.

"ಹತ್ತು ಗಂಟೆವರೆಗೂ ಯಾರೂ ಮುಟ್ಟಬಾರದು."

"ನಮ್ಮ ಮಣ್ಣು ಒಣಗ್ತಿದೆ ತಾಯಿ!"

"ಇವಳದ್ದು ಬಾಯಿ ಒಣಗಿದೆ ನೋಡು," ಎಂದಳು ಚಿಕ್ಕತ್ತೆ. "ಯಾರನ್ನೋ ಕಾಯ್ತಿದಾಳೆ!"

ಹತ್ತಾಯಿತು. ಬಿಸಿಲು ಓರೆಯಾಗಿ ಇಳಿದು ಗೋಡೆಯ ತುಂಬ ಅಜ್ಜಿಯ ಬೆರಳುಗಳು ಎದ್ದವು... ಅವನು ಬರಲಿಲ್ಲ.

ಹತ್ತೂ ಹತ್ತು. ಗೆರೆಗಳು ತೆಳುವಾಗತೊಡಗಿದವು.

'ಬರಲ್ಲ. ನಾನಾಗಿದ್ರೂ ಬರ್ತಿರಲಿಲ್ಲ...'

ಥಟ್ಟನೆ ಹೊಳೆಯಿತು. ಅಯ್ಯೋ! ತಾನು ಇಲ್ಲಿದ್ದರೆ, ಊರಬಾಗಿಲಲ್ಲಿ ಚೀಟಿ ಕಟ್ಟುವವರು ಯಾರು?

ಅವಳು ಓಡಿದಳು. ಖಾಲಿ ಗೂಡಿನ ಮುಂದೆ ಡೆಲ್ಬರ್ಟ್ ಕಲ್ಲಿನ ಮೇಲೆ ಕೂತಿದ್ದ, ಕ್ಯಾಮೆರಾ ತೊಡೆಯ ಮೇಲೆ.

"ಎಷ್ಟೊತ್ತಿಂದ?"

"ಎಂಟರಿಂದ. ಚೀಟಿ ಇಲ್ಲದೆ ಹೇಗೆ ಬರಲಿ?"

"ದೇವರೇ! ಇಷ್ಟು ನಿಯಮ ಪಾಲಿಸೋ ಗಂಡಸು ಇರ್ತಾನಾ ಲೋಕದಲ್ಲಿ? ಇವತ್ತು ನೀನು ನಮ್ಮನೆ ನೆಂಟ. ಬಾ!"

ಅವನ ಕೈ ಹಿಡಿದೇ ಓಡಿದಳು. ಓಡುತ್ತಲೇ ಕೇಳಿದಳು, "ಒಂದು ಗೋಡೆಗೆ ಮೂರು ದಿನ ಬೇಕಿತ್ತಾ?"

"ಗೋಡೆಗೆ ಒಂದೇ ದಿನ ಸಾಕಿತ್ತು."

ಅವಳ ಕಾಲು ತಡವರಿಸಿತು. ಅವನು ಕೈ ಬಿಡಲಿಲ್ಲ.

ಗೆರೆಗಳು ಮಾಸುವ ಮುನ್ನ ಕ್ಯಾಮೆರಾ ನಾಲ್ಕು ಸಲ ಸದ್ದು ಮಾಡಿತು.

"ಸಿಕ್ಕಿದ್ವಾ?" ಅಜ್ಜಿ ಕೇಳಿದಳು.

"ಹತ್ತೂ ಬೆರಳು ಸಿಕ್ಕಿದ್ವು ಅಜ್ಜಿ," ಎಂದ ಡೆಲ್ಬರ್ಟ್.

"ಸರಿ ಬಿಡು. ಈಗ ಮುಚ್ಚಿ."

ಲೊರೆಟ್ಟಾ ಮಣ್ಣು ಹಿಡಿದು ನಿಂತಳು. ಮೆತ್ತಲು ಕೈ ಬರಲಿಲ್ಲ. ಅಜ್ಜಿ ಎದ್ದು ಬಂದು, ತನ್ನ ನಡುಗುವ ಅಂಗೈಯನ್ನು ಮೊಮ್ಮಗಳ ಕೈಮೇಲಿಟ್ಟು ಒತ್ತಿದಳು. ಮೊದಲ ಹಿಡಿ ಮಣ್ಣು ಗೋಡೆಗಂಟಿತು.

ಅತ್ತೆಯಂದಿರು ಸುಮ್ಮನಿರುವ ಪೈಕಿಯೇ? ಡೆಲ್ಬರ್ಟ್‌ನ ಪ್ಯಾಂಟು ಮಡಚಿಸಿ, ಒಣಗಿದ ಮಣ್ಣಿಗೆ ನೀರು ಸುರಿದು, "ತುಳಿಯಪ್ಪಾ!" ಎಂದು ಇಳಿಸಿಯೇಬಿಟ್ಟರು.

ಲೊರೆಟ್ಟಾ ಮಣ್ಣು ತುಂಬಿಕೊಳ್ಳಲು ಅವನ ಪಕ್ಕ ಬಗ್ಗಿದಳು.

"ಮುಂದಿನ ವರ್ಷ ಇಲ್ಲಿ ನಿನ್ನ ಬೆರಳಿರತ್ತೆ," ಎಂದ ಅವನು ಮೆಲ್ಲಗೆ. "ಫೋಟೋ ತೆಗೆಯೋಕೆ ಬರಲಾ?"

"ಬೇಡ."

ಅವನ ಕಾಲು ನಿಂತುಹೋಯಿತು.

"ಫೋಟೋಗೆ ಬೇಡ... ಮಣ್ಣು ತುಳಿಯೋಕೆ ಬಾ," ಎಂದಳು ಅವಳು, ತಲೆಯೆತ್ತದೆ. "ಪ್ರತಿ ವರ್ಷ."

"ಬರ್ತೀನಿ," ಎಂದ ಅವನು. ಈ ಸಲ 'ನೋಡ್ತೀನಿ' ಎನ್ನಲಿಲ್ಲ.