ತೊಳೆದ ಬೇವು

“ನಲ್ಲಿ ಹತ್ರ ಎಂತ ಮಾಡ್ತಿದೀಯೇ ರೆನಿಟಾ?”

ರೆನಿಟಾ ಬೆಚ್ಚಿ ತಿರುಗಿದಳು. ಪಕ್ಕದ ಮನೆಯ ಯಮುನಮ್ಮ ನಿಂತಿದ್ದರು. ಅವರ ಮಗಳು ನಿಶ್ಚಿತಾ ಹಿಂದಿನಿಂದ ಇಣುಕುತ್ತಿದ್ದಳು. ಅವಳೂ ರೆನಿಟಾಳೂ ಕೊಪ್ಪದ ಶಾಲೆಯಲ್ಲಿ ಒಂದೇ ಬೆಂಚು.

ಅವತ್ತು ಯುಗಾದಿ. ಐದು ನಿಮಿಷದ ಹಿಂದಷ್ಟೇ ಯಮುನಮ್ಮ ರೆನಿಟಾಳ ಅಂಗೈಗೆ ಬೇವು-ಬೆಲ್ಲ ಹಾಕಿದ್ದರು. ಈಗ ಆ ಅಂಗೈ ನಲ್ಲಿಯ ಕೆಳಗಿತ್ತು. ಬೆಲ್ಲ ಕರಗಿ ಚರಂಡಿ ಸೇರಿತ್ತು. ನಾಲ್ಕು ಬೇವಿನ ಎಲೆ ಮಾತ್ರ ಉಳಿದಿದ್ದವು.

“ಬೆಲ್ಲ ತೊಳೀತಾ ಇದೀನಿ ಆಂಟಿ,” ಎಂದಳು ರೆನಿಟಾ.

ಸುಳ್ಳು ಹೇಳುವ ಹಾಗಿರಲಿಲ್ಲ. ಅದು ಎಂಟನೇ ಆಜ್ಞೆಗೆ ವಿರುದ್ಧ. ಚರ್ಚಿನ ಭಾನುವಾರದ ಕ್ಲಾಸಿನಲ್ಲಿ ದೇವರ ಹತ್ತು ಆಜ್ಞೆ ಬಾಯಿಪಾಠವಾದ ಮೇಲೆ ಅವಳ ಕಾಟ ಯಾರಿಗೂ ತಪ್ಪಿರಲಿಲ್ಲ. ಹೋಮ್‌ವರ್ಕ್ ಮನೇಲಿ ಮರೆತೆ ಎಂದು ನೆಪ ಹೇಳಿದ ಕ್ಲಾಸಿನ ಮೋಹಿತ್‌ಗೆ, “ಎಂಟು!” ಕೇಳದೆ ರಬ್ಬರ್ ತಗೊಂಡ ನಿಶ್ಚಿತಾಗೆ, “ಏಳು! ಕದಿಯಬಾರದು!”

ಇಷ್ಟು ಕಟ್ಟುನಿಟ್ಟಿನ ಹುಡುಗಿ ತೊಳೆದ ಬೇವನ್ನು ಬಾಯಿಗೆ ಹಾಕಿಕೊಂಡು ಜಗಿದಳು. ಮುಖ ಎಲ್ಲೆಲ್ಲಿಗೋ ಹೋಗಿ ಬಂತು.

ಯಮುನಮ್ಮ ನಗಲಿಲ್ಲ. “ಹಬ್ಬದ ದಿನ ನಮ್ಮ ಕೈಯಿಂದ ಬರೀ ಕಹಿ ಸಾಕಾಯ್ತಾ ನಿಂಗೆ?” ಎಂದು ಸಣ್ಣ ದನಿಯಲ್ಲಿ ಕೇಳಿ ಹೊರಟುಹೋದರು.

“ವರ್ಷದ ಮೊದಲನೇ ದಿನವೇ ನಮ್ಮನೆ ಬೆಲ್ಲ ಚರಂಡಿಗೆ ಹಾಕಿದೀಯ,” ಎಂದಳು ನಿಶ್ಚಿತಾ. “ವರ್ಷ ಇಡೀ ನಿನ್ ಜೊತೆ ಟೂ!”

ವರ್ಷ ಇಡೀ! ರೆನಿಟಾಗೆ ಅಳು ಬಂತು. ಅಡುಗೆಮನೆಗೆ ಓಡಿ ಅಮ್ಮನಿಗೆ ಎಲ್ಲ ಹೇಳಿದಳು.

“ಈಸ್ಟರ್ ತನಕ ಸಿಹಿ ತಿನ್ನಲ್ಲ ಅಂತ ಯೇಸುಸ್ವಾಮಿಗೆ ಮಾತು ಕೊಟ್ಟಿದೀನಿ ಅಮ್ಮ.”

“ಅದನ್ನ ಅವರಿಗೆ ಹೇಳೋದಲ್ವಾ?”

“ಉಪವಾಸ ಮಾಡಿದ್ರೆ ಊರಿಗೆಲ್ಲ ತೋರಿಸ್ಬಾರ್ದು, ಸೀಕ್ರೆಟ್ ಆಗಿರ್ಬೇಕು ಅಂತ ಚರ್ಚಿನ ಕ್ಲಾಸಲ್ಲಿ ಸಿಸ್ಟರ್ ಹೇಳಿದಾರೆ.”

ಅಮ್ಮ ಸೌಟು ಕೆಳಗಿಟ್ಟರು. “ಬಟ್ಟೆ ಒಗೆಯೋ ಜಾಗದಲ್ಲಿ ನಿಂತು ಬೆಲ್ಲ ತೊಳೆಯೋದು ಎಂತ ಸೀಕ್ರೆಟ್ ಮಾರಾಯ್ತಿ? ಯಮುನಮ್ಮ ಎಂತ ಅಂದ್ಕೊಂಡಿರ್ತಾರೆ?”

ಅದನ್ನು ರೆನಿಟಾ ಯೋಚಿಸಿಯೇ ಇರಲಿಲ್ಲ. ಯಮುನಮ್ಮನ ಸಣ್ಣಗಾದ ದನಿ ನೆನಪಾಯಿತು. ಬೇವಿಗಿಂತ ಅದೇ ಹೆಚ್ಚು ಕಹಿ ಎನಿಸಿತು.

ಅವಳು ಬೇಲಿ ದಾಟಿ ಹೋದಳು. “ಆಂಟಿ, ನಿಮ್ಮ ಬೆಲ್ಲ ಚೆನ್ನಾಗಿಲ್ಲ ಅಂತ ಅಲ್ಲ. ಈಸ್ಟರ್ ತನಕ ನಂದು ಸಿಹಿ ಬಿಡೋ ವ್ರತ. ಈಗ ತಿನ್ನೋಕಾಗಲ್ಲ. ಆದ್ರೆ ನಂಗೆ ಬೆಲ್ಲ ಬೇಕು. ಒಂದು ಚೂರು ಎತ್ತಿಡ್ತೀರಾ?”

ಯಮುನಮ್ಮ ಹಣೆ ಚಚ್ಚಿಕೊಂಡರು. “ವ್ರತ ಅಂತ ಮೊದ್ಲೇ ಹೇಳ್ಬಾರ್ದಾ ಮಾರಾಯ್ತಿ! ಸಂಕಷ್ಟಿ ದಿನ ಚಂದ್ರ ಕಾಣೋ ತನಕ ನಾನು ಅನ್ನ ಮುಟ್ತೀನಾ? ಹಾಗಂತ ಯಾರಾದ್ರೂ ಬಡಿಸಿದ್ದನ್ನ ತೊಳೀತೀನಾ?”

ಈ ಸಲ ಮೂವರೂ ನಕ್ಕರು. ನಿಂಬೆಹಣ್ಣಿನ ಗಾತ್ರದ ಬೆಲ್ಲದುಂಡೆಯೊಂದು ಡಬ್ಬಿ ಸೇರಿತು. ಡಬ್ಬಿ ನೀರು ತುಂಬಿದ ತಟ್ಟೆಯ ಮೇಲೆ ಕೂತಿತು. “ಇರುವೆ ಬಾರದ ಹಾಗೆ ನಾನು ಕಾಯ್ತೀನಿ,” ಎಂದಳು ನಿಶ್ಚಿತಾ. ಟೂ ಅಲ್ಲಿಗೆ ಮುಗಿಯಿತು.

ಹದಿನೇಳು ದಿನ ಕಳೆದವು. ಈಸ್ಟರ್ ಬೆಳಿಗ್ಗೆ ರೆನಿಟಾ ಚರ್ಚಿನಿಂದ ಹೊಸ ಫ್ರಾಕಿನಲ್ಲೇ ಪಕ್ಕದ ಮನೆಗೆ ಓಡಿದಳು. ಯಮುನಮ್ಮ ಡಬ್ಬಿ ತಂದುಕೊಟ್ಟರು.

“ಬೇವು, ಆಂಟಿ?”

“ಅದನ್ನ ಅವತ್ತೇ ತಿಂದಿದೀಯಲ್ಲೇ!”

ರೆನಿಟಾ ಮುಚ್ಚಳ ತೆಗೆದಳು. ಒಳಗೆ ನೆಲ್ಲಿಕಾಯಿಯಷ್ಟು ಬೆಲ್ಲವಿತ್ತು. ಅದರ ಮೇಲೆ ಪುಟ್ಟ ಹಲ್ಲಿನ ಗುರುತುಗಳಿದ್ದವು.

“ಇರುವೆ ಬಂದಿದ್ಯಾ ಅಂತ ದಿನಾ ನಾನೇ ಚೆಕ್ ಮಾಡಿದೆ,” ಎಂದ ನಿಶ್ಚಿತಾ ಮಾಡಿನ ಹೆಂಚಿನ ಕಡೆ ನೋಡತೊಡಗಿದಳು. ಅವಳ ಕಿವಿ ಕೆಂಪಾಗಿತ್ತು.

‘ಏಳು!’ ರೆನಿಟಾಳ ನಾಲಿಗೆಯ ತುದಿಗೆ ಬಂದೇಬಿಟ್ಟಿತು. ಅವಳು ಬೇಗ ಬೆಲ್ಲವನ್ನು ಬಾಯಿಗೆ ಹಾಕಿಕೊಂಡಳು.

“ಹೆಂಗಿದೆ?” ನಿಶ್ಚಿತಾ ಮೆಲ್ಲಗೆ ಕೇಳಿದಳು.

“ಸಿಹಿ ಇದೆ,” ಎಂದಳು ರೆನಿಟಾ. ಅದು ನಿಜವೇ ಆಗಿತ್ತು.