ಅಂತೆಗೆ ಚಿತ್ರವಿಲ್ಲ

ರುದ್ರಮ್ಮ ಮಾತು ಮುಗಿಸುತ್ತಿದ್ದಂತೆ ಗೊಲ್ಲರಕಟ್ಟೆ ಪಂಚಾಯಿತಿಯ ಗೋಡೆಯ ಮೇಲೆ ಚಿತ್ರ ಮೂಡಿತು.

"ಹಾಲೇಶನೇ ಬೆಳಗಿನ ಜಾವ ಕೆರೆ ತೂಬು ಎತ್ತಿದ್ನಂತೆ" ಎಂದಿದ್ದಳು ಆಕೆ. ಗೋಡೆಯಲ್ಲಿ ಕೆರೆ ಏರಿ ಕಂಡಿತು. ಮಂಡಿಯವರೆಗೆ ಪಂಚೆ ಕಟ್ಟಿದ ಹಾಲೇಶ ತೂಬಿನ ಸರಳನ್ನು ಎರಡೂ ಕೈಯಿಂದ ಮೇಲೆತ್ತುತ್ತಿದ್ದ. ಮುಖವೂ ಅವನದೇ, ಎಡಗೆನ್ನೆಯ ಮಚ್ಚೆಯೂ ಅವನದೇ. ಸಭೆಯೆಲ್ಲ ಗೋಡೆಯತ್ತ ಕತ್ತು ಚಾಚಿತು.

ಎರಡು ಸಾವಿರದ ಅರವತ್ತರ ಹೊತ್ತಿಗೆ, ಆಡಿದ ಮಾತನ್ನು ಆಗಲೇ ಚಿತ್ರವಾಗಿ ಬರೆಯುವ ಇಂಥ ಗೋಡೆ ಇಲ್ಲದ ಪಂಚಾಯಿತಿ ಅಪರೂಪ. ಉದ್ದುದ್ದ ಮಾತು ಯಾರಿಗೂ ಅರ್ಥವಾಗುವುದಿಲ್ಲ, ಚಿತ್ರವಾದರೆ ಮಗುವಿಗೂ ತಿಳಿಯುತ್ತದೆ ಎಂದು ತಂದಿದ್ದರು. ನಿಜಕ್ಕೂ ಅದರಿಂದ ಎಷ್ಟೋ ಜಗಳ ಬೇಗ ಬಗೆಹರಿದಿದ್ದವು.

ಹಾಲೇಶ ಊರಿನ ನೀರಗಂಟಿ. ಕೆರೆಯ ನೀರನ್ನು ಗದ್ದೆಗಳಿಗೆ ಸರದಿಯಂತೆ ಬಿಡುವವನು. ಹಿಂದಿನ ವಾರ ಯಾರೋ ತೂಬು ತೆಗೆದು, ಕೊಯ್ದು ಹರಡಿದ್ದ ಭತ್ತವೆಲ್ಲ ನೀರುಪಾಲಾಗಿತ್ತು.

"ನಾನು ತೂಬು ಎತ್ತಿಲ್ಲ" ಎಂದು ಅವನು ಎದ್ದುನಿಂತ.

ಗೋಡೆ ಮತ್ತೆ ಅದೇ ಹಾಲೇಶನನ್ನು ಅದೇ ತೂಬಿನ ಬಳಿ ನಿಲ್ಲಿಸಿ, 'ಇಲ್ಲ' ಎಂಬುದಕ್ಕೆ ಮೇಲೊಂದು ತೆಳ್ಳನೆಯ ಕೆಂಪು ಗೀಟು ಎಳೆಯಿತು. ಜನ ಗೀಟು ನೋಡಲಿಲ್ಲ, ಅವನನ್ನು ನೋಡಿದರು. ಆ ಸಂಜೆಯೇ ನೀರಗಂಟಿ ಕೆಲಸ ಹೋಯಿತು.

ಮನೆಗೆ ಬಂದವನು ಮಂಕಾಗಿ ಕುಳಿತ. ತೂಬು ತೆಗೆದ ಆ ಜಾವ ಜ್ವರ ಬಂದು ಮಲಗಿದ್ದೆ ಎಂದು ಅವನಿಗೆ ಚೆನ್ನಾಗಿ ನೆನಪಿತ್ತು. ಈಗ ಕಣ್ಣು ಮುಚ್ಚಿದರೆ ಹಾಸಿಗೆ ಕಾಣದು, ತೂಬು ಕಾಣುತ್ತದೆ. ಅಂಗೈಗೆ ಸರಳಿನ ತಂಪು ತಾಗಿದಂತಾಗುತ್ತದೆ.

"ಜ್ವರದ ಅಮಲಿನಾಗೆ ಎದ್ದು ಹೋಗಿದ್ನೇನೆ?" ಎಂದು ಹೆಂಡತಿಯನ್ನು ಕೇಳಿದ.

"ನಿಮಗೇನು ತಲೆ ಕೆಟ್ಟೈತಾ? ನಾನೂ ಅಲ್ಲೇ ಮಲಗಿದ್ನಲ್ಲ!" ಎಂದಳು ಕರಿಬಸಮ್ಮ. ಸ್ವಲ್ಪ ಹೊತ್ತಾದ ಮೇಲೆ ಅವಳ ದನಿಯೂ ಇಳಿಯಿತು. "ನಂಗೂ ನಿದ್ದೆ ಹತ್ತಿತ್ತು ಅನ್ನಿ."

ಆದರೂ ಅವಳು ಸುಮ್ಮನಿರಲಿಲ್ಲ. ಮಾರನೆಯ ದಿನ ಪಂಚಾಯಿತಿಗೆ ಹೋಗಿ ಗೋಡೆಯ ಕೆಳಗಿದ್ದ ದೂರಿನ ಗುಂಡಿ ಒತ್ತಿ, ಬಾಯಿಗೆ ಬಂದದ್ದನ್ನೆಲ್ಲ ಬೈದು ಬಂದಳು. ಆ ಬೈಗುಳ ಅಲ್ಲಿ ಇಲ್ಲಿ ಸುತ್ತಿ, ಕೊನೆಗೆ ನೀಲಾಂಬಿಕೆ ಎಂಬ ಕಂಪ್ಯೂಟರ್ ವಿಜ್ಞಾನಿಯನ್ನು ಗೊಲ್ಲರಕಟ್ಟೆಗೆ ಎಳೆತಂದಿತು.

ನೀಲಾಂಬಿಕೆ ರುದ್ರಮ್ಮನಿಂದ ಅದೇ ಮಾತನ್ನು ಮತ್ತೊಮ್ಮೆ ಹೇಳಿಸಿದರು. ಗೋಡೆ ನೋಡಿದರು. ಹಣೆ ಒತ್ತಿಕೊಂಡು ಬೆಂಚಿನ ಮೇಲೆ ಕುಳಿತುಬಿಟ್ಟರು.

"ಏನಾತು ಮೇಡಮ್ಮ?" ಎಂದ ಹಾಲೇಶ.

"ಹಾಲೇಶಪ್ಪನೋರೆ, ಯಂತ್ರ ಮೊದಲು ಮಾತನ್ನ ಮರದ ಹಾಗೆ ಬಿಡಿಸುತ್ತೆ. ಯಾರು ಅನ್ನೋದು ಒಂದು ಕೊಂಬೆ, ಏನನ್ನ ಅನ್ನೋದು ಒಂದು, ಏನು ಮಾಡಿದ ಅನ್ನೋದು ಇನ್ನೊಂದು. ಆ ಮರ ತುಂಬಾ ಪೊದೆಪೊದೆ. ಹಾಗೇ ಚಿತ್ರ ಬರೆಯೋಕಾಗಲ್ಲ. ಅದನ್ನ ಸವರಿ ಸರಳ ಮಾಡೋಕೆ ನಾನು ಕಾಲೇಜಿನಲ್ಲಿದ್ದಾಗ 'ಜರಡಿ' ಅಂತ ಒಂದು ಲೈಬ್ರರಿ ಬರೆದೆ."

"ಲೈಬ್ರರಿ ಅಂದ್ರೆ ಪುಸ್ತಕದ ಮನೆನಾ?"

"ಅಲ್ಲ. ಬೇರೆ ಬೇರೆ ತಂತ್ರಾಂಶಗಳು ಎರವಲು ತಗೊಂಡು ಬಳಸೋ ಸಿದ್ಧ ಸಾಮಾನು. ಜಾವಾಸ್ಕ್ರಿಪ್ಟ್ ಅನ್ನೋ ಹಳೇ ಭಾಷೆಯಲ್ಲಿ ಬರೆದಿದ್ದು. ಅದರಲ್ಲಿ ಒಂದು ನಿಯಮ ಹಾಕಿದ್ದೆ: 'ಇಲ್ಲ', 'ಮೈನಸ್' ಇಂಥವನ್ನ ಬಿಟ್ಟು, ಕವಲಿನಿಂದ ಒಂದೇ ಕೊಂಬೆ ಹೊರಟಿದ್ರೆ ಆ ಕವಲು ಬೇಡ, ತೆಗೆದುಹಾಕು. ಆಗ ನಾನು ಲೆಕ್ಕದ ಸೂತ್ರಗಳಿಗೋಸ್ಕರ ಬರೆದಿದ್ದು. ಅಲ್ಲಿ ಅದರಿಂದ ಏನೂ ನಷ್ಟ ಇರಲಿಲ್ಲ. ಈ ಗೋಡೆ ಮಾಡಿದೋರು ಅದನ್ನ ಜನರ ಮಾತಿಗೆ ಬಳಸ್ತಾರೆ ಅಂತ ನನಗೇನು ಗೊತ್ತಿತ್ತು?" ನೀಲಾಂಬಿಕೆಯ ದನಿ ಸಣ್ಣದಾಯಿತು. "ರುದ್ರಮ್ಮನೋರು 'ಎತ್ತಿದ್ನಂತೆ' ಅಂದ್ರು. ಆ 'ಅಂತೆ'ಗೆ ಇರೋದು ಒಂದೇ ಕೊಂಬೆ, ಇಡೀ ವಾಕ್ಯ. ಜರಡಿ ಅದನ್ನ ಕಿತ್ತುಹಾಕಿತು. ಉಳಿದಿದ್ದು 'ಎತ್ತಿದ'."

ಹಾಲೇಶನಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. "ಅಂಗಾರೆ ಅಂತೆನ ಹೆಂಗೆ ಬರೀಬೇಕಿತ್ತು?"

ಆಕೆಗೂ ಗೊತ್ತಿರಲಿಲ್ಲ. ಕೆಲವು ದಿನ ಅಲ್ಲೇ ಉಳಿದು ಜರಡಿಯನ್ನು ತಿದ್ದಿದರು. ಕೇಳಿದ ಮಾತಾದರೆ ಗೋಡೆ ಅದನ್ನು ಚುಕ್ಕಿಗೆರೆಯಲ್ಲಿ ಬರೆಯಬೇಕು, ಕಂಡದ್ದಾದರೆ ತುಂಬುಗೆರೆಯಲ್ಲಿ. ಮತ್ತೆ ಸಭೆ ಕರೆದರು. ಒಬ್ಬೊಬ್ಬರಾಗಿ ಎದ್ದು ಹೇಳಿದರು. ಎತ್ತಿದ್ನಂತೆ, ನೋಡಿದ್ರಂತೆ, ಓಡಿಹೋದ್ನಂತೆ. ಗೋಡೆಯ ತುಂಬ ಚುಕ್ಕಿಗಳೇ. ತುಂಬುಗೆರೆ ಒಂದೂ ಬೀಳಲಿಲ್ಲ.

"ಹಿಂಗಾದ್ರೆ ಇನ್ನು ಯಾವ ತೀರ್ಮಾನ ಮಾಡಾದು?" ಎಂದು ಅಧ್ಯಕ್ಷರು ಗೊಣಗಿದರು. ಆದರೂ ಹಾಲೇಶನ ಕೆಲಸ ಹಾಲೇಶನಿಗೇ ಸಿಕ್ಕಿತು. ತೂಬು ತೆಗೆದವರು ಯಾರೆಂದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಸಭೆ ಮುಗಿದ ಮೇಲೆ ರುದ್ರಮ್ಮ ಅವನ ಬಳಿಗೆ ಬಂದು ಕೈ ಹಿಡಿದುಕೊಂಡಳು.

"ತಪ್ಪು ತಿಳ್ಕಬ್ಯಾಡ ಕಣಪ್ಪ. ನಿನ್ನ ಕೆಲಸ ನಿಂಗೆ ಬಂತು, ಒಳ್ಳೇದಾತು. ಆದ್ರೂ ನೀನು ತೂಬು ಎತ್ತಿದ್ದನ್ನ ನಾನು ನೋಡೀನಿ."

"ಎಲ್ಲಿ ನೋಡಿದ್ರಿ ಅಜ್ಜಿ?" ಎಂದು ನೀಲಾಂಬಿಕೆ ಕೇಳಿದರು.

ರುದ್ರಮ್ಮ ಕೆರೆಯ ಕಡೆ ನೋಡಿದಳು, ಗೋಡೆಯ ಕಡೆ ನೋಡಿದಳು. "ಕಣ್ಣಾರೆ ನೋಡೀನಿ ಕಣವ್ವ" ಎಂದಷ್ಟೇ ಹೇಳಿ ಹೊರಟುಹೋದಳು.

"ಇವರ ತಪ್ಪಲ್ಲ. ಈ ಗೋಡೆ ಬರೋಕೆ ಎಷ್ಟೋ ವರ್ಷ ಮೊದಲು, ಜನ ಕೈಯಲ್ಲಿ ಹಿಡಿದ ಪುಟ್ಟ ಪರದೆ ನೋಡಿಕೊಂಡು ಇದೇ ಮಾತು ಹೇಳ್ತಿದ್ರು" ಎಂದರು ನೀಲಾಂಬಿಕೆ. "ಬರೆದಿದ್ದನ್ನ ನಾನು ತಿದ್ದಬಹುದು. ನೋಡಿದ್ದನ್ನ ಹೇಗೆ ತಿದ್ದಲಿ?"

ಹಾಲೇಶನಿಗೆ ರುದ್ರಮ್ಮನ ಮೇಲೆ ಸಿಟ್ಟು ಬರಲಿಲ್ಲ. ಈಗ ಅವನಿಗೂ ಹಾಗೇ ನೆನಪಿತ್ತು.