ಬೂದಿ ಹಚ್ಚಿದ ಮೆಣಸಿನಕಾಯಿ

ಒಂಬತ್ತನೆಯ ಅಸೈನ್‌ಮೆಂಟಿಗೆ ಬರುವ ಹೊತ್ತಿಗೆ ದ್ರಾಕ್ಷಾಯಿಣಿಯ ಚಹಾ ಆರಿಹೋಗಿತ್ತು. ರಾಣೆಬೆನ್ನೂರಿನ ಈ ಕಾಲೇಜಿನ ಬಿ.ಎ. ಮಕ್ಕಳಿಗೆ ಈ ವರ್ಷ ‘ಸುಸ್ಥಿರತೆ ಮತ್ತು ಸಂಸ್ಕೃತಿ’ ಎಂಬ ಹೊಸ ಪತ್ರಿಕೆ. ‘ಮುಂದಿನವರಿಗಾಗಿ ನಿಮ್ಮ ಮನೆ ಏನನ್ನು ಉಳಿಸಿಕೊಂಡು ಬಂದಿದೆ?’ ಎಂಬ ಪ್ರಶ್ನೆ ಅವಳೇ ಕೊಟ್ಟದ್ದು.

ಕದರಮಂಡಲಗಿಯ ಕಾವೇರಿ ತನ್ನ ಹಾಳೆಗೆ ಒಂದು ಒಣ ಮೆಣಸಿನಕಾಯಿಯನ್ನು ಟೇಪಿನಿಂದ ಅಂಟಿಸಿದ್ದಳು. ಅದರ ಸುಕ್ಕುಗಳಲ್ಲಿ ಬೂದಿ.

ದ್ರಾಕ್ಷಾಯಿಣಿಯ ಕೈಯಲ್ಲಿ ಕೆಂಪು ಪೆನ್ನು ನಿಂತಿತು.

ಇಪ್ಪತ್ತೆರಡು ವರ್ಷದ ಹಿಂದೆ, ಬ್ಯಾಡಗಿಯ ಕಾಲೇಜಿನಲ್ಲಿ, ಇತಿಹಾಸ ಕಲಿಸುತ್ತಿದ್ದ ಕಲ್ಲೇಶ ಇಂಥವೇ ಒಂದು ಹಿಡಿ ಕಾಯಿಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಅವಳ ಮೇಜಿನ ಮೇಲಿಟ್ಟಿದ್ದ. ಬೀಜದ ಕಥೆಯನ್ನು ಬಿ.ಎ. ಮಕ್ಕಳೂ ಓದಬೇಕು ಎಂದು ವಾದಿಸುತ್ತಿದ್ದವನು ಅಲ್ಲಿ ಅವನೊಬ್ಬನೇ.

“ಬೀಜದ ಪಾಠಕ್ಕ ಅಗ್ರಿ ಕಾಲೇಜ್ ಐತಲ್ರಿ ಸರ್,” ಎಂದು ಅವಳು ಕಾಡಿಸುವಳು. ಸೋತಾಗ ಅವನು ಕನ್ನಡಕ ತೆಗೆದು ಒರೆಸುವನು. ಆ ಬರಿಗಣ್ಣು ನೋಡಲೆಂದೇ ಅವಳು ಸೋಲಿಸುತ್ತಿದ್ದಳು.

ವಾರ ಬಿಟ್ಟು ಕೇಳಿದ್ದ: “ಅವನ್ನೇನ್ ಮಾಡಿದ್ರಿ ಮೇಡಂ?”

“ಬೂದಿ ಒರಸಿ ಖಾರ ಕುಟ್ಟಿಸೇನ್ರಿ. ಬಣ್ಣ ಭಾರಿ ಬಂದೈತಿ! ಇನ್ನೊಂದ್ ಹಿಡಿ ತರ್ರಿ.”

ಅವನು ಕನ್ನಡಕ ತೆಗೆದ. ಒರೆಸಲಿಲ್ಲ. “ರೊಟ್ಟಿಗೆ ಚಲೋ ಆತೇನ್ರಿ?” ಎಂದು ನಕ್ಕ.

ಆ ಬೇಸಿಗೆಯಲ್ಲೇ ಶಿಗ್ಗಾವಿಯ ಕಾಲೇಜಿಗೆ ಹೋದ. ಒಂದು ಮಾತೂ ಹೇಳದೆ ಹೋದನೆಂಬ ಮುನಿಸನ್ನು ಅವಳು ಇಷ್ಟು ವರ್ಷ ಜೋಪಾನ ಮಾಡಿದ್ದಳು. ಬಂದ ಗಂಡುಗಳನ್ನೆಲ್ಲ ಅದೇ ಮುನಿಸಿನಲ್ಲಿ ತಿರುಗಿಸಿ ಕಳಿಸಿದ್ದಳು.

ವರಾಂಡದಲ್ಲಿ ಹೋಗುತ್ತಿದ್ದ ಕಾವೇರಿಯನ್ನು ಕರೆದಳು. “ಈ ಬೂದಿ ಯಾಕವಾ?”

“ಹುಳ ಹತ್ತಬಾರ್ದಂತ್ರಿ. ಬೂದಿ ಹಚ್ಚಿದ್ರ ಬೀಜದ ಕಾಯಿ ಅಂತ ಗುರ್ತು. ನಮ್ಮ ಮನ್ಯಾಗ ಇದನ್ನ ಸೊಸಿ ಆಗಾಕಿಗಷ್ಟ ಕೊಡ್ತಾರ್ರಿ. ಆಕಿ ಒಯ್ದು ಬಿತ್ತಿದ್ಲಂದ್ರ ಒಪ್ಪಿದ್ಲಂತ.” ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ನಮ್ಮ ಕಲ್ಲೇಶ ಕಾಕಾ ಮೊದಲ ಯಾರೋ ಟೀಚರ್‌ಗೆ ಕೊಟ್ಟಿದ್ನಂತ. ಆಕಿ ಕುಟ್ಟಿಸ್ಕೊಂಡು ತಿಂದಬಿಟ್ಲಂತ್ರಿ! ಕಾಕಾನ ಅವ್ವ, ನಮ್ಮ ಉಡಚವ್ವಜ್ಜಿ, ಇನ್ನೂ ಬೈತಾಳ. ಎಂಥಾ ದಡ್ಡಿ ಇರಬೇಕಲ್ರಿ ಮೇಡಂ?”

“ಭಾಳ ದಡ್ಡಿ,” ಎಂದಳು ದ್ರಾಕ್ಷಾಯಿಣಿ. ಹಾವೇರಿ ಪೇಟೆಯಲ್ಲಿ ಬೆಳೆದವಳು; ಖಾರದ ರುಚಿ ಗೊತ್ತಿತ್ತು, ಬೂದಿಯ ಅರ್ಥ ಗೊತ್ತಿರಲಿಲ್ಲ. ಕೇಳಲೂ ಇಲ್ಲ. “ಮತ್ತ ಈ ಕಾಯಿ?”

“ಆಮ್ಯಾಲೆ ಕಾಕಾನ ಲಗ್ನಾಗಿ ಕಾಕೂ ಬಂದು ಬಿತ್ತಿದ್ಲಲ್ರಿ. ಇವತ್ತಿಗೂ ಪ್ರತಿ ವರ್ಷ ಹಿತ್ತಲದಾಗ ಹಾಕ್ತಾಳ. ಇದನ್ನ ಆಕಿಗೆ ತಿರುಗಿ ಕೊಡಬೇಕ್ರಿ. ಕಾಕಾನ ನಂಬರ್ ಕೊಡ್ಲೇನ್ರಿ? ಬೀಜದ ಸುದ್ದಿ ತೆಗದ್ರ ಒಂದ್ ತಾಸು ಬಿಡೂದಿಲ್ಲ.”

ದ್ರಾಕ್ಷಾಯಿಣಿ ಫೋನಿನತ್ತ ಕೈ ಚಾಚಿ, ಚಹಾದ ಕಪ್ಪು ಎತ್ತಿಕೊಂಡಳು. “ಬ್ಯಾಡವಾ. ನೀ ಹೋಗು, ಕ್ಲಾಸ್ ಐತಲ್ಲ.”

ಒಬ್ಬಳೇ ಉಳಿದಾಗ ಟೇಪು ಬಿಡಿಸಿದಳು. ಕಾಯಿಯ ತುದಿ ಮುರಿದು ಒಂದು ಬೀಜ ಮೇಜಿನ ಮೇಲೆ ಬಿದ್ದಿತು. ಮುಟ್ಟಿದರೆ ಬೆರಳಿಗೇ ಅಂಟಿತು. ಒಂದು ಬೀಜ ಕಡಿಮೆಯಾದರೆ ಯಾರಿಗೂ ತಿಳಿಯದು. ಮನೆಯ ಮಾಳಿಗೆಯ ಮೇಲೆ ಖಾಲಿ ಕುಂಡವೂ ಇತ್ತು.

ಹಿತ್ತಲಲ್ಲಿ ವರ್ಷವರ್ಷವೂ ಸಸಿಮಡಿ ಮಾಡುವ, ತಾನು ಕಾಣದ ಆ ಹೆಂಗಸಿನ ಕೈಗಳು ಕಣ್ಣ ಮುಂದೆ ಬಂದವು.

ಬೀಜವನ್ನು ಕಾಯಿಯ ಜೊತೆಗೇ ಲಕೋಟೆಗೆ ಹಾಕಿ ಬಾಯಿ ಅಂಟಿಸಿದಳು. ಕಾವೇರಿಯ ಹೆಸರು ಬರೆದಳು. ಬೂದಿ ಹತ್ತಿದ ಬೆರಳು ಒರೆಸಿಕೊಳ್ಳಲು ಸೆರಗು ಎತ್ತಿದವಳು, ಒರೆಸದೆ ಕೈ ಇಳಿಸಿ, ಹತ್ತನೆಯ ಅಸೈನ್‌ಮೆಂಟ್ ತೆರೆದಳು.